ಜಾರಿ

ಕರೆದದ್ದು ನಾನಲ್ಲ, ಸುಗಂಧಾಬಾಯಿ,
ಮೊದಲೇ ಹೇಳಿಬಿಡುತ್ತೇನೆ.
ಬೈತಖೋಲದ ಧಕ್ಕೆಯ ಮೇಲೆ ಐಸ್ ಒಡೆಯುತ್ತಿದ್ದವರು
ನನ್ನ ಚೀಲ ಕಂಡದ್ದೇ ಮುಖ ತಿರುಗಿಸಿದಿರಲ್ಲ.
ವಕೀಲರೂ ಕರೆದಿಲ್ಲ.
ಅವರು ಕೇಳಬಹುದು, ಅಷ್ಟೆ:
ಸಾಕ್ಷಿಪಟ್ಟಿಯಲ್ಲಿ ನಿಮ್ಮ ಹೆಸರು ಬರೆದು
ಯಾಕೆ ಬೇಕೆಂದು ಅರ್ಜಿ ಕೊಟ್ಟು
ಭತ್ಯೆ ಕಟ್ಟಿ, ಕೈಯನ್ನೂ ಕಟ್ಟಿ ನಿಲ್ಲಬಹುದು.
ಕರೆಯುವ ಬಾಯಿ ಬೇರೆ. ನೇರಳೆ ಮಸಿಯದು, ದುಂಡಗೆ,
ನೋಡಿ, ಹಾಳೆಯ ಮೂಲೆಯಲ್ಲಿ.

ಹದಿನಾಲ್ಕನೇ ತಾರೀಕು, ಹನ್ನೊಂದು ಗಂಟೆ.
ಬರುವಾಗ ಐಸ್ ಲೆಕ್ಕದ ವಹಿ ತರತಕ್ಕದ್ದು.
ಹೌದು, ಅದೇ, ಮೊಣಕಾಲ ಕೆಳಗೆ ಅಡಗಿಸಿದಿರಲ್ಲ.
ವಿಂಚಿಗೆ ಮೂರು ಬೆರಳು ಕೊಟ್ಟ ಖಲಾಸಿ ಉಮಾಕಾಂತ
ಆ ಸೋಮವಾರ ಎನ್ನುತ್ತಾನೆ.
ಆ ಸೋಮವಾರ ಬೋಟು ಹೊರಡಲೇ ಇಲ್ಲ
ಎನ್ನುತ್ತಾರೆ ತಾಂಡೇಲರು.
ಹೊರಡದ ಬೋಟು ನಲವತ್ತು ಪೆಟ್ಟಿಗೆ ಐಸ್ ತಿನ್ನುತ್ತದೆಯೇ?
ನಾನು ಕೇಳುವಂತಿಲ್ಲ. ನನ್ನದು ಕೊಡುವ ಕೆಲಸ.

ಇಗೋ ಭತ್ಯೆ. ಬಸ್ಸಿನ ಚಾರ್ಜು, ಒಂದು ಊಟ.
ಆ ದಿನ ಕರಗಿದ ಐಸಿಗೆ?
ಕರಗಿದ್ದಕ್ಕೆ ಕಾಲಂ ಇಲ್ಲ.
ತಗೊಳ್ಳದಿದ್ದರೆ?
ಬಾಗಿಲಿಗೆ ಅಂಟಿಸಿ, ನೆರೆಯವರ ಸಹಿ ಹಾಕಿಸಿ ಹೋಗುತ್ತೇನೆ.
ಬಾರದಿದ್ದರೆ ಮುಂದಿನ ಕಾಗದ ನಾನು ತರುವುದಿಲ್ಲ,
ಅದು ಬೂಟು ಹಾಕಿಕೊಂಡು ಬರುತ್ತದೆ.

ಹೆದರಬೇಡಿ. ಒಮ್ಮೆ ದೇವಬಾಗದಲ್ಲಿ ಅಂಟಿಸಿ ಬಂದದ್ದನ್ನು
ಅಂಟಿಸಲೇ ಇಲ್ಲ ಎಂದುಬಿಟ್ಟರು.
ಮೈದಾ ಗೋಂದು, ಆಡು ತಿಂದಿತ್ತೋ ಏನೋ.
ಸಾಹೇಬರು ನನ್ನನ್ನೇ ಕರೆಸಿದರು.
ನನ್ನ ಹೆಸರಿನ ಸಮನ್ಸು ನನ್ನದೇ ಚೀಲದಲ್ಲಿ:
ಕೊಟ್ಟವನೆಂದು ಒಂದು ಸಹಿ, ಪಡೆದವನೆಂದು ಇನ್ನೊಂದು.
ಕಟಕಟೆಗೆ ಎರಡೇ ಮೆಟ್ಟಿಲು.
ಮೂರನೆಯದನ್ನು ಕಾಲು ಹುಡುಕುತ್ತದೆ.
ಇಪ್ಪತ್ತಾರು ವರ್ಷ ಜನರನ್ನು ಅಲ್ಲಿಗೆ ಕಳಿಸಿದವನಿಗೆ
ಅಷ್ಟೂ ಗೊತ್ತಿರಲಿಲ್ಲ.

ನೀವು ಸುಮ್ಮನಿದ್ದಿರಿ. ಆಮೇಲೆ ಕೇಳಿದಿರಿ:
ಎರಡು ಮಳೆಗಾಲದ ಬಾಕಿ ಇದೆ,
ತಾಂಡೇಲರನ್ನು ನಾನೂ ಹೀಗೆ ಕರೆಸಬಹುದಾ?
ದಾವೆ ಹಾಕಿದರೆ ಆಯಿತು.
ಅದೇ ಅರ್ಜಿ, ಅದೇ ದುಂಡು ಬಾಯಿ.
ಕಾಗದ ಯಾರು ಒಯ್ಯುತ್ತಾರೆ?
ನಾನೇ.
ನಕ್ಕಿರಿ. ಕೈಯಿಂದ ಐಸಿನ ತುಂಡೊಂದು ಜಾರಿ
ಹಾಳೆಯ ಮೇಲೆಯೇ ಬಿತ್ತು.

ಸಂಜೆ ಶಿರಸ್ತೇದಾರರು ಬೆಳಕಿಗೆ ಹಿಡಿದು ನೋಡಿದರು:
ಏನಿದು, ಅರ್ಧ ಸಹಿ ನೀರಲ್ಲಿದೆ?
ಒಣಗುತ್ತೆ ಸಾರ್ ಅಂದೆ,
ಹಿಂಬದಿಗೆ ಬರೆದೆ: ಖುದ್ದು ಜಾರಿ.