ಚೆಕ್ಬಂದಿ

ಡೆವನ್ ಅನ್ನೋ ಸೀಮೆಯಿಂದ ಲಕೋಟೆ ಬಂತು.
ವಿಳಾಸ ಇಷ್ಟೇ: ಮೋಡಿ ಓದುವವರಿಗೆ,
ನೋಂದಣಿ ಕಚೇರಿ ಎದುರು, ಬೆಳಗಾವಿ.
ಟಪಾಲಿನವ ಯಾರನ್ನೂ ಕೇಳದೆ ನನ್ನ ಮೇಜಿನ ಮೇಲಿಟ್ಟ.
ಆ ಲಿಪಿಗೆ ಈ ಸಾಲಿನಲ್ಲಿ ಈಗ ನಾನೊಬ್ಬನೇ,
ಅದೂ ಒಂದೇ ಕಣ್ಣು.

ಆಶ್‌ಕೂಮ್ ಮನೆತನವಂತೆ. ಬರೆದ ಮುದುಕಿ ಕೊನೆಯವಳು.
ಆಂಬ್ರೋಸ್ ಎಂಬ ಸಣ್ಣಜ್ಜನ ಗುರುತು ಸಿಕ್ಕೀತೇ ಅನ್ನುತ್ತಾಳೆ.
ಜೊತೆಗೆ ಅವನು ತಾಯಿಗೆ ಬರೆದ ಹನ್ನೊಂದು ಕಾಗದಗಳ ನಕಲು,
ಅವನಪ್ಪನ ಮೃತ್ಯುಪತ್ರ.

ಮೃತ್ಯುಪತ್ರ ನಾನೇ ಓದಿಕೊಂಡೆ; ಆ ಇಂಗ್ಲಿಷು ನನ್ನ ಅನ್ನ.
ಮನೆ, ಓಕ್ ಮರಗಳು, ನಾಲ್ಕು ಹೊಲ, ಗಿರಣಿ,
ಚರ್ಚಿನಲ್ಲಿ ಕೂರುವ ಬೆಂಚು ಸಹ
ಹಿರಿಯವನಿಗೆ.
ಕಿರಿಯ ಆಂಬ್ರೋಸನಿಗೆ ಕಂದು ಕುದುರೆ, ಮುನ್ನೂರು ಪೌಂಡು.
ನಮ್ಮವನಾಗಿದ್ದರೆ ವಾಟ್ನಿ ದಾವೆ ಹಾಕುತ್ತಿದ್ದ,
ಇಪ್ಪತ್ತು ವರ್ಷ ನನ್ನಂಥವರಿಗೆ ಚಹಾ ಕುಡಿಸುತ್ತಿದ್ದ.
ಅವನು ಹಡಗು ಹತ್ತಿದ.

ಕಾಗದಗಳ ಇಂಗ್ಲಿಷು ಬೇರೆ. ಅದರಲ್ಲಿ ಸದರಿ, ಮೇಲ್ಕಂಡ ಇಲ್ಲ.
ಕ್ಯಾಂಪಿನ ಫಿಲೋಮಿನಾ ಟೀಚರ ಹತ್ತಿರ ಓದಿಸಿದೆ.
ಜೂನಿನಿಂದ ಬಿಸಿಲು ಕಂಡಿಲ್ಲ, ಬೂಟಿನೊಳಗೆ ಬೂಷ್ಟು,
ಬೆಸ್ ಎಂಬ ನಾಯಿ ಮರಿ ಹಾಕಿದೆ,
ಮಾವಿನ ಹಣ್ಣು ತಿನ್ನಲು ಸ್ನಾನದ ತೊಟ್ಟಿಯೇ ಸರಿಯಾದ ಜಾಗ.
ಹೀಗೆ. ಏಳನೆಯದರಲ್ಲಿ:
'ಇಲ್ಲಿ ಸುತ್ತ ಯಾರೂ ಇಲ್ಲ, ಅಮ್ಮಾ.'
ಟೀಚರು ಕನ್ನಡಕ ತೆಗೆದು ಒರೆಸಿಕೊಂಡರು.

ದಫ್ತರಖಾನೆಯಲ್ಲಿ ಎರಡು ವಾರ ಧೂಳು ಕುಡಿದು
ಅದೇ ತಿಂಗಳಿನ ಖರೇದಿ ಪತ್ರ ಹೊರಗೆಳೆದೆ.
ಹದಿನೆಂಟುನೂರಾ ಅರವತ್ತಮೂರು, ಸೆಪ್ಟೆಂಬರ್.
ಮೋಡಿಯ ಓಟದ ಅಕ್ಷರ, ಎಲ್ಲಿಯೂ ಲೇಖನಿ ಎತ್ತಿಲ್ಲ:
ಪೂರ್ವಕ್ಕೆ ಗುಲಾಬ ನಾಲಬಂದನ ಮನೆ ಮತ್ತು ಭಟ್ಟಿ.
ದಕ್ಷಿಣಕ್ಕೆ ಸೊಗಲವ್ವನ ಎಮ್ಮೆ ಕೊಟ್ಟಿಗೆ.
ಉತ್ತರಕ್ಕೆ ಸರಕಾರಿ ರಸ್ತೆ, ಆಚೆ ಮೇದಾರರ ಎಂಟು ಗುಡಿಸಲು.
ಪಶ್ಚಿಮಕ್ಕೆ ಯಲ್ಲೂಬಾಯಿ, ಗಂಡನ ಹೆಸರು ನಮೂದಿಲ್ಲ,
ಅವಳ ಬಾವಿ.

ದಸ್ತಾವೇಜು ಸುಳ್ಳಾಡದು ಅಂತ ನಾನು ಹೇಳಲಾರೆ,
ನಾನೇ ಎಷ್ಟೋ ಬರೆದಿದ್ದೇನೆ.
ಆದರೆ ನೆರೆಯವರಿಲ್ಲದೆ ಒಂದು ಗುಂಟೆಯೂ ನೋಂದಣಿಯಾಗದು.

ಎಂಟು ವರ್ಷದ ಮೇಲೆ ಇನ್ನೊಂದು. ಬಕ್ಷೀಸು ಪತ್ರ, ಇಂಗ್ಲಿಷಿನದು.
ಬಂಗಲೆಯ ಹಿತ್ತಲು, ಹನ್ನೆರಡು ಗುಂಟೆ,
ಯಲ್ಲೂಬಾಯಿಯ ಮಗ ದಾದೂನಿಗೆ.
ಪ್ರತಿಫಲ ಎಂಬಲ್ಲಿ ರೂಪಾಯಿಯ ಮಾತಿಲ್ಲ:
'ಸಹಜ ಪ್ರೀತಿ ವಾತ್ಸಲ್ಯದಿಂದ.'

ನಲವತ್ತು ವರ್ಷ ಈ ಮಾತು ಬರೆದ ಕೈ ನನ್ನದು.
ಹಾಲು ತಂದವರಿಗೆ, ಜ್ವರದಲ್ಲಿ ಕಾದವರಿಗೆ ಇದನ್ನು ಹಾಕುವುದಿಲ್ಲ,
ಅವರಿಗೆ 'ಸೇವೆ ಮೆಚ್ಚಿ' ಸಾಕು.
ಇದು ರಕ್ತಕ್ಕೆ ಎತ್ತಿಟ್ಟ ಸಾಲು.

ಹನ್ನೊಂದೂ ಕಾಗದ ಮತ್ತೆ ಓದಿಸಿದೆ. ದಾದೂ ಇಲ್ಲ. ಅವನ ತಾಯಿ ಇಲ್ಲ.
ಒಂದು ಕಡೆ, ಅಂಚಿನಲ್ಲಿ, 'ಪಕ್ಕದ ಬಾವಿಯ ನೀರು ಸಿಹಿ.'
ಅಷ್ಟೇ.

ಜಾಗ ನೋಡಿಬಂದೆ. ಭಟ್ಟಿ ಇದ್ದಲ್ಲಿ ಟೈರಿನ ಅಂಗಡಿ.
ಬಾವಿ ಇದೆ; ಮೋಟಾರು ಇಳಿಸಿ ಭರಮಾ ಎಂಬವ ಕಾರು ತೊಳೆಯುತ್ತಾನೆ.
ಯಾರ ಬಾವಿ ಅಂದೆ.
'ಅಂಬೂರಾಯಂದು. ದೇವ್ರು ರೀ.
ಮಂಗಳವಾರ ಕುಂಕುಮ ಏರಸ್ತೀವಿ.
ನಮ್ಮಜ್ಜನ ಅಜ್ಜಗ ಹಿತ್ತಲಾ ಕೊಟ್ಟಾಂವ ಆಂವನಽ.'
ಪೈಪು ಹಿಡಿದ ಕೈ ನಿಲ್ಲಲಿಲ್ಲ.

ಮುದುಕಿಗೆ ಬರೆಯಲು ಕೂತು ಮೂರು ಹಾಳೆ ಹರಿದೆ.
ಕೊನೆಗೆ ಎರಡೂ ಪತ್ರಗಳ ನಕಲು ಇಟ್ಟೆ,
ನಕಲಿನ ಶುಲ್ಕ ಬರೆದೆ, ಟೀಚರ ರಿಕ್ಷಾ ಬಾಡಿಗೆ ಸೇರಿಸಿ.
ಕೆಳಗೆ, ನನಗೆ ಬರುವ ಒಂದೇ ಇಂಗ್ಲಿಷಿನಲ್ಲಿ:
ಸದರಿ ಮನೆತನದ ಪಶ್ಚಿಮಕ್ಕೆ ಬಾವಿ.
ನೀರಿದೆ. ಚಾಲ್ತಿಯಲ್ಲಿದೆ.