ಮೂಗು ಓಡುವ ಭಾಷೆ

ಪಗೋಡದ ಊಟದ ಪಡಸಾಲೆಯಲ್ಲಿ ಸಂಜೆ ಏಳಕ್ಕೆ ಪಾಠ.
ಕಾವಿ ಹೊದ್ದ ಲೋಕ್ ಕ್ರೂ ವಂಡೆತ್
ಬಿಳಿ ಹಲಗೆಯ ಮೇಲೆ ಮೂರೇ ಅಕ್ಷರ ಬರೆದು
ನಮ್ಮತ್ತ ತಿರುಗಿದರು: ರನ್.

ಗೊತ್ತು ಎಂದೆವು. ರೊತ್. ಓಡು.
ಕಾಲಿದ್ದದ್ದು ಓಡುತ್ತದೆ: ಕೋಳಿ, ಕಳ್ಳ,
ಹಾಜರಿ ಯಂತ್ರಕ್ಕೆ ಬೆರಳೊತ್ತಲು ಏಳು ಗಂಟೆಗೆ ನಾವು.

ಅಷ್ಟೇ ಅಲ್ಲ, ಎಂದರು.
ಇವರಲ್ಲಿ ಮೂಗೂ ಓಡುತ್ತದೆ.
ಎಲ್ಲಿಗೆ? ಎಂದಳು ಹಿಂದಿನ ಚಾಪೆಯ ಫಲ್ಲಾ.
ಪಡಸಾಲೆಯೆಲ್ಲ ಬಿದ್ದು ಬಿದ್ದು ನಕ್ಕಿತು,
ಮೂಲೆಯಲ್ಲಿ ತಟ್ಟೆ ತೊಳೆಯುತ್ತಿದ್ದ ಮುದುಕಿಯೂ.

ನಲ್ಲಿ ಓಡುತ್ತದಂತೆ, ಗೋಡೆಗೆ ಮೊಳೆ ಹೊಡೆಸಿಕೊಂಡೇ.
ರಸ್ತೆ ಓಡುತ್ತದಂತೆ ಮೆಕಾಂಗ್ ದಂಡೆಯ ಗುಂಟ,
ನಾನು ಕಂಡಾಗಿನಿಂದ ಅದು ಅಲ್ಲೇ ಬಿದ್ದುಕೊಂಡಿದೆ.
ಅಕ್ಕಿ ಮುಗಿದರೆ, ಹೊರಗೆ ಓಡಿತು ಅನ್ನಬೇಕಂತೆ.
ಅಜ್ಜಿಗೆ ಫೋನಿನಲ್ಲಿ ಇದನ್ನೇ ಹೇಳಿದೆ, ನಗಲಿ ಅಂತ.
ಅವಳು ನಗಲಿಲ್ಲ.
ಸರಿಯಾಗೇ ಇದೆ ಮಗಾ, ಎಂದಳು.
ಮೊದಲು ಅಕ್ಕಿ ಓಡಿತು,
ಆಮೇಲೆ ನಾವು.
ಮತ್ತೇನೂ ಹೇಳದೆ ಫೋನನ್ನು ಅಮ್ಮನ ಕೈಗೆ ಕೊಟ್ಟಳು.

ಅಮ್ಮನ ಮೇಲೊಂದು ವಾಕ್ಯ ಬರೆದಿದ್ದೆ.
ದೋಣಿಗಟ್ಟೆಯಲ್ಲಿ ಗೇಣೆತ್ತರದ ಮಣೆಯ ಮೇಲೆ
ಎಡಮೊಣಕಾಲು ಮಡಚಲಾಗದೆ ಉದ್ದಕ್ಕೆ ಚಾಚಿ
ಬೆಳಗಿನ ನಾಲ್ಕಕ್ಕೆ ಕೂತರೆ, ಮೀನಿನ ಸಾರು ತಳ ಕಾಣುವವರೆಗೆ
ಅಕ್ಕಿಶಾವಿಗೆ ಬಡಿಸುತ್ತಾಳೆ, ಏಳುವುದಿಲ್ಲ.
ಅವಳು ಅಂಗಡಿ ‘ರನ್’ ಮಾಡುತ್ತಾಳೆ ಎಂದು ತಿದ್ದಿದರು ಲೋಕ್ ಕ್ರೂ,
ಕೆಂಪು ಶಾಯಿಯಲ್ಲಿ.

ಕಾರ್ಖಾನೆಯಲ್ಲೂ ಒಮ್ಮೆ ಅದು ಎದುರಾಯಿತು.
ಪರದೇಶದಿಂದ ಬಂದ ಹೆಂಗಸು ಕೆಂಪು ರವಿಕೆಯ ಮೇಲೆ
ಒದ್ದೆ ಬಿಳಿ ಬಟ್ಟೆ ಒತ್ತಿ, ತೆಗೆದು ನೋಡಿ, ‘ಇಟ್ ರನ್ಸ್’ ಎಂದಳು.
ಕುನ್ಥಿಯಾಗೆ ಇಂಗ್ಲಿಷ್ ಬರುತ್ತದೆ, ಕೇಳಿ, ಎಂದರು ಯಾರೋ.
ನಾನು ಗಂಭೀರವಾಗಿ ಹೇಳಿದೆ: ರವಿಕೆ ಓಡುತ್ತದೆ.
ನಲವತ್ತು ಹೊಲಿಗೆ ಯಂತ್ರ ಒಟ್ಟಿಗೆ ನಿಂತವು.
ನಮ್ಮಲ್ಲಿ ಬಣ್ಣ ಬಿಡುತ್ತದೆ, ಮೂಗು ಸೋರುತ್ತದೆ, ನೀರು ಹರಿಯುತ್ತದೆ,
ಒಂದೊಂದಕ್ಕೂ ಅದರದೇ ಮಾತು, ಅದರದೇ ಬಟ್ಟಲು.
ಇವರು ಮಾತ್ರ ಎಲ್ಲಕ್ಕೂ ಒಂದೇ ಸೌಟು ಅದ್ದುತ್ತಾರೆ.
ಆ ರಾತ್ರಿ ಹನ್ನೊಂದರವರೆಗೆ
ಸಾವಿರದಿನ್ನೂರು ರವಿಕೆಯ ತೋಳು ಬಿಚ್ಚಿದೆವು.

ಇನ್ನೊಂದು ವಾಕ್ಯವೂ ಇತ್ತು, ಹಳೆಯ ಪುಟದಲ್ಲಿ:
ನಮ್ಮ ಮಾಲೀಕ ಕಾರ್ಖಾನೆ ರನ್ ಮಾಡುತ್ತಾನೆ.
ಅದಕ್ಕೆ ಸರಿ ಗುರುತು ಬಿದ್ದಿತ್ತು.

ಫ್ಚುಮ್ ಬೆನ್ ಹಬ್ಬದಲ್ಲಿ ಸತ್ತವರಿಗೆ ಅನ್ನವಿಟ್ಟು
ಊರಿಂದ ಮರಳಿದರೆ ಗೇಟಿಗೆ ಬೀಗ.
ಕಾವಲುಗಾರ ಒಂದೇ ಮಾತು ಹೇಳಿದ: ತಾವ್ಕೆ ರೊತ್.
ಧಣಿ ಓಡಿದ.
ಎರಡು ತಿಂಗಳ ಸಂಬಳವೂ ಕಾಲು ಬಂದು ಜೊತೆಗೇ ಓಡಿತ್ತು.

ನಮ್ಮ ಕ್ರಿಯಾಪದಕ್ಕೆ ವಯಸ್ಸಾಗುವುದಿಲ್ಲ.
ನಿನ್ನೆಯೂ ರೊತ್, ಇವತ್ತೂ ರೊತ್, ನಾಳೆಯೂ ಅದೇ.
ಇಂಗ್ಲಿಷಿನದು ನಡುವಿನ ಅಕ್ಷರವೊಂದನ್ನು ಕಳಚಿ
ಬೇರೊಂದು ಸಿಕ್ಕಿಸಿಕೊಂಡು ಮುದಿಯಾಗುತ್ತದೆ.
ಆ ಹಳೆಯ ಪುಟ ತೆರೆದು, ಅಕ್ಷರ ಬದಲಿಸಿ,
ಕೊನೆಯ ಎರಡು ಪದ ಹೊಡೆದುಹಾಕಿ
ಪುಸ್ತಕವನ್ನು ಲೋಕ್ ಕ್ರೂ ಮುಂದಿಟ್ಟೆ.
ಬಹಳ ಹೊತ್ತು ನೋಡಿದರು.
ವ್ಯಾಕರಣ ತಪ್ಪಿಲ್ಲ, ಎಂದರು. ಕೆಂಪು ಪೆನ್ನು ಮುಚ್ಚಿದರು.

ಈಗ ಒಂಬತ್ತನೆಯ ರಾತ್ರಿ. ಒಳಗೆ ನಮ್ಮ ಯಂತ್ರಗಳು,
ಹೊರಗೆ ನೀಲಿ ಟಾರ್ಪಾಲಿನ ಕೆಳಗೆ ಇನ್ನೂರು ಜನ,
ಲಾರಿ ಬಂದು ಹೊತ್ತೊಯ್ಯದ ಹಾಗೆ ಗೇಟಿಗೆ ಅಡ್ಡ.
ಫಲ್ಲಾ ಅನ್ನದ ಪೊಟ್ಟಣ ಎಣಿಸುತ್ತಾಳೆ, ನಾನು ಹೆಸರು ಬರೆಯುತ್ತೇನೆ,
ಯಾರು ಮಲಗಬೇಕು, ಯಾರು ಎದ್ದಿರಬೇಕು.

ಕ್ಯಾಮೆರಾ ತೂಗಿಕೊಂಡು ಬಂದವನೊಬ್ಬ ಇಂಗ್ಲಿಷಿನಲ್ಲಿ ಕೇಳಿದ:
ಇಲ್ಲಿ ಇದನ್ನೆಲ್ಲ ರನ್ ಮಾಡುತ್ತಿರುವವರು ಯಾರು?
ಹಿಂತಿರುಗಿ ನೋಡಿದೆ, ಯಾರು ಓಡುತ್ತಿದ್ದಾರೆ ಅಂತ.
ಯಾರೂ ಇಲ್ಲ. ಎಲ್ಲರೂ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು,
ದೋಣಿಗಟ್ಟೆಯ ಅಮ್ಮನ ಹಾಗೆ.
ಉತ್ತರ ಬಾಯಿಗೆ ಬರುವಷ್ಟರಲ್ಲಿ ಸೀನು ಬಂತು.
ಒಂಬತ್ತು ರಾತ್ರಿಯ ಜಡಿಮಳೆ, ನೆಲದ ಥಂಡಿ:
ಅಷ್ಟು ಜನರ ನಡುವೆ ಓಡುತ್ತಿದ್ದದ್ದು
ನನ್ನ ಮೂಗೊಂದೇ.