ಹೋಲ್ಡಾನ್

ಮೂವತ್ತೊಂದು ವರ್ಷ ನಿಂತೇ ಊರು ಸುತ್ತಿದವಳು ನಾನು,
ಕೆಂಗೇರಿಯಿಂದ ಮಾರ್ಕೆಟ್ಟು, ಮಾರ್ಕೆಟ್ಟಿಂದ ಕೆಂಗೇರಿ,
ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಿಸಿದ ನೋಟು,
ಕಂಕುಳಲ್ಲಿ ಚರ್ಮದ ಚೀಲ.
ರಿಟೈರಾದ ದುಡ್ಡಲ್ಲಿ ಒಂದು ಪುಟ್ಟ ಲಾರಿ ಕೊಂಡೆ,
ತರಕಾರಿ ಹೊತ್ತು ಹೊತ್ತು ಸವೆದದ್ದು.
ಮೂಲೆಯಲ್ಲಿನ್ನೂ ಒಣಗಿದ ಒಂದು ಹೀರೇಕಾಯಿ.
ಅದರ ಬೆನ್ನ ಮೇಲೊಂದು ಕೋಣೆ ಕಟ್ಟಬೇಕು:
ಮಲಗಲು ಹಲಗೆ, ಒಲೆಗೊಂದು ಜಾಗ, ಕಿಟಕಿ.
ಕಿಟಕಿ ಮಾತ್ರ ದೊಡ್ಡದಿರಲಿ,
ಕೂತು ನೋಡುವಷ್ಟು.

"ಮನೆ ಇದೆಯಲ್ಲ ಪುಟ್ಟಲಿಂಗಮ್ಮ, ಗಾಡಿ ಮೇಲೂ ಒಂದು ಯಾಕೆ?"
ಎದುರುಮನೆಯ ದಾಕ್ಷಾಯಿಣಿ ಕೇಳಿದಳು.
ಸ್ಟಾಪು ನಾನೇ ಆರಿಸಬೇಕು, ಅದಕ್ಕೆ.

ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಅರುಳಪ್ಪ ಮೇಸ್ತ್ರಿ
ಮೊದಲ ದಿನ ಕಟರ್ ಮುಟ್ಟಗೊಡಲಿಲ್ಲ.
ಚೆಕಿಂಗಿಗೆ ಹತ್ತಿದವನ ಹಾಗೆ ನನ್ನನ್ನೇ ನೋಡಿದ.
ಸೆರಗು ಬೇಡ. ಜಡೆ ಒಳಗೆ. ಚಪ್ಪಲಿ ಆಗಲ್ಲ, ಬೂಟು ತನ್ನಿ.
ಕನ್ನಡಕದ ಮೇಲೂ ಒಂದು ಕನ್ನಡಕ.
"ಕೈಗವಸು?" ಅಂದೆ, ಜಾಣೆಯ ಹಾಗೆ.
"ತಿರುಗೋ ಮಿಷನ್ನಿಗೆ ಗವಸಿನ ಕೈ ಬಲು ಇಷ್ಟ.
ಬಟ್ಟೆ ಹಿಡಿದು ಕೈಯನ್ನೇ ಎಳಕೊಳ್ಳತ್ತೆ."
ಆಮೇಲೆ ನನ್ನ ಬಳೆ ನೋಡಿದ,
ಬಾಯಿ ತೆರೆದ, ಮುಚ್ಚಿದ,
ಪ್ಲೈವುಡ್ಡಿನ ಕಡೆ ತಿರುಗಿದ.

ಹಸಿರು ಗಾಜು, ಒಂದು ಡಜನ್ನು,
ಹಳೇ ಟಿಕೆಟ್ ಡಬ್ಬಿಯಲ್ಲಿಟ್ಟೆ. ಒಂದೂ ಒಡೆಯಲಿಲ್ಲ.
ರಾತ್ರಿ ಬಡಿಸುವಾಗ ನನ್ನವರು ಬೋಳು ಕೈ ನೋಡಿ
"ನಾನಿನ್ನೂ ಇದೀನಿ ಕಣೇ" ಅಂದರು.
ಇಬ್ಬರೂ ನಕ್ಕೆವು,
ನಾನು ಸ್ವಲ್ಪ ತಡವಾಗಿ.

ಕಟರ್ ಕೂಗಿದರೆ ಮೆಜೆಸ್ಟಿಕ್ಕಿನ ಹಾರನ್ನೆಲ್ಲ ಒಟ್ಟಿಗೆ ಕೂಗಿದಂತೆ.
ಹಲಗೆ ಬಿಗಿ ಕಟ್ಟು. ಬ್ಲೇಡಿನ ನೇರಕ್ಕೆ ನಿಲ್ಲಬೇಡ,
ರಿವರ್ಸು ಬರುವ ಬಸ್ಸಿನ ಹಿಂದೆ ಯಾರು ನಿಲ್ಲುತ್ತಾರೆ?
ನೂಕಲೂ ಬೇಡ. ಡ್ರೈವರ್ ಇದ್ದ ಹಾಗೆ ಅದು,
ಕಂಡಕ್ಟರ್ ಅವಸರಕ್ಕೆ ಓಡುವುದಿಲ್ಲ.

ಒಂಬತ್ತನೇ ದಿನ, ಅರ್ಧ ಕೊಯ್ದಾಗ, ಕರೆಂಟು ಹೋಯಿತು.
ಈ ಊರಲ್ಲಿ ಹೋಗದ ದಿನ ಯಾವುದು?
ಕಟರನ್ನು ಹಲಗೆ ಮೇಲೆ ಹಾಗೇ ಬಿಟ್ಟೆ,
ಸ್ವಿಚ್ಚಿನ ಲಾಕು ಒತ್ತಿದ್ದು ಮರೆತೆ,
ಮೂಲೆಯಂಗಡಿಗೆ ಟೀ ತರಲು ಹೋದೆ.
ಎರಡು ಲೋಟ ಹಿಡಿದು ಬಾಗಿಲಿಗೆ ಬರುವುದಕ್ಕೂ
ಕರೆಂಟು ಬರುವುದಕ್ಕೂ ಸರಿಹೋಯಿತು.

ಕಟರ್ ತಾನೇ ಎದ್ದಿತು.
ಹಲಗೆಯಿಂದ ಜಿಗಿದು, ನೆಲ ಗೀರಿ,
ನಾನು ಕೂರುವ ಸ್ಟೂಲಿನ ಕಾಲನ್ನು
ಕಬ್ಬು ಕಡಿದಂತೆ ಕಡಿದು,
ತನ್ನ ವೈರು ತಾನೇ ತಿಂದು ಸತ್ತಿತು.
ಟೀ ಕೈಮೇಲೆ ಚೆಲ್ಲಿದ್ದು ಆಮೇಲೆ ತಿಳಿಯಿತು.

ಅರುಳಪ್ಪ ಬೈಯಲಿಲ್ಲ. ಅದೇ ಕಷ್ಟವಾಯಿತು.
ಮೇನ್ ಆಫ್ ಮಾಡಿ, ಸುಟ್ಟ ವೈರಿನ ತುದಿ ಹಿಡಿದು ಕೇಳಿದ:
"ಹತ್ತೋರು ಇಳಿಯೋರು ಇರುವಾಗ ಬಸ್ಸಲ್ಲಿ ಏನು ಕೂಗ್ತಿದ್ರಿ?"
"ಹೋಲ್ಡಾನ್."
"ಅದಕ್ಕೆ ಪ್ಲಗ್ ಕೀಳೋದು."

ಅವನಿಗೆ ಹೇಳಲಿಲ್ಲ, ಯಾರಿಗೂ ಹೇಳಿಲ್ಲ:
ಒಮ್ಮೆ ಟೌನ್‌ಹಾಲ್ ಸ್ಟಾಪಿನಲ್ಲಿ
ಒಂದು ಕಾಲು ಮೆಟ್ಟಿಲ ಮೇಲೆ, ಒಂದು ರಸ್ತೆ ಮೇಲೆ,
ಟಿಫಿನ್ ಡಬ್ಬಿ ಹಿಡಿದ ಹುಡುಗಿ.
ಚಿಲ್ಲರೆ ಎಣಿಸುತ್ತ, ನೋಡದೆ, ರೈಟ್ ಅಂದಿದ್ದೆ.
ಮಂಡಿ ತರಚಿತಷ್ಟೆ, ಎದ್ದು ನಡೆದೇ ಹೋದಳು.
ಅವಳ ಎಡಗಾಲ ಚಪ್ಪಲಿ
ಒಂದು ತಿಂಗಳು ನನ್ನ ಚೀಲದಲ್ಲಿತ್ತು,
ಹತ್ತಿದರೆ ಕೊಡೋಣ ಅಂತ.
ಹತ್ತಲಿಲ್ಲ.

ಈಗ ಬ್ಲೇಡು ಪೂರ್ತಿ ನಿಲ್ಲುವತನಕ ಕಾಯುತ್ತೇನೆ.
ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡುತ್ತೇನೆ.
ಸಂಜೆ ಬಾಗಿಲು ಹಾಕುವ ಮುಂಚೆ
ಕಲೆಕ್ಷನ್ ಎಣಿಸಿದ ಹಾಗೆ ಬೆರಳು ಎಣಿಸುತ್ತೇನೆ.
ಹತ್ತು. ಲೆಕ್ಕ ಸರಿಯಿದೆ.

ಕಿಟಕಿ ಕೂತಿದೆ, ಅರ್ಧ ಇಂಚು ಸೊಟ್ಟ.
ಅದರಾಚೆ ಕಾಮಾಕ್ಷಿಪಾಳ್ಯವೂ ಕೊಂಚ ವಾಲಿದೆ.
ಮೊನ್ನೆ ನನ್ನವರು ಒಳಗೆ ಇಣುಕಿ,
ಹಲಗೆ ಒತ್ತಿ ನೋಡಿ, ಕೆಮ್ಮಿ,
"ಇದರಲ್ಲಿ ನಾನೆಲ್ಲಿ ಕೂರೋದು?" ಅಂದರು.

ಟಿಕೆಟ್ ತಗೊಳ್ರಿ ಮೊದಲು, ಅಂದೆ.